ಅಳಿಯ ಕಾರು ತೊಳೆಯಲು ಕಲಿತದ್ದು

ನನ್ನ ಅಳಿಯ ಮೂವತ್ತಮೂರು ವರ್ಷ ಉಡುಪಿ–ಕಾರ್ಕಳ ಬಸ್ಸು ಓಡಿಸಿದವರು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಬಸ್ಸು ತೊಳೆದವರಲ್ಲ. ಅದು ಕ್ಲೀನರ್‌ನ ಕೆಲಸ. ಇವರು ಇಳಿದು ಚಹಾ ಕುಡಿದು ಬರುವಷ್ಟರಲ್ಲಿ ಬಸ್ಸಿನ ಮುಖ ತೊಳೆದಾಗಿರುತ್ತಿತ್ತು, ಇವರು ಹತ್ತಿ ಕೂತುಕೊಳ್ಳುತ್ತಿದ್ದರು. ಹಾಗಾಗಿ ಅರವತ್ತೊಂದನೇ ವಯಸ್ಸಿನಲ್ಲಿ ಕಾಪುವಿನ ನಮ್ಮ ಅಂಗಳಕ್ಕೆ ಹೊಸ ಕಾರು ಬಂದಾಗ, ಓಡಿಸುವುದರಲ್ಲಿ ಅವರು ಹೆಡ್‌ಮಾಸ್ಟರು, ತೊಳೆಯುವುದರಲ್ಲಿ ಒಂದನೇ ಕ್ಲಾಸು.

ಕಾರು ಅವರದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸ್ವಲ್ಪ ದಿನಗಳಲ್ಲಿ ಅವರಿಗೇ ಅದು ಮರೆತುಹೋಯಿತು. ಕಾರು ನನ್ನ ಮಗಳದ್ದು. ಮಣಿಪಾಲದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು, ಹೈವೇವರೆಗೆ ನಡೆದು, ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಲ್ಯಾಬಿನಲ್ಲಿ ಇಡೀ ದಿನ ನಿಲ್ಲಬೇಕು. ಸಂಜೆ ಬಸ್ಸಿನಲ್ಲೂ ನಿಲ್ಲಬೇಕು. ಎರಡು ವರ್ಷದಿಂದ ಅವಳಿಗೆ ಮೊಣಕಾಲು ನೋವು. ರಾತ್ರಿ ಊಟಕ್ಕೆ ಕೂತರೆ ಏಳುವಾಗ ಮೇಜು ಹಿಡಿಯಬೇಕು. ಅದಕ್ಕೇ ಐವತ್ತಾರನೇ ವಯಸ್ಸಿನಲ್ಲಿ ಅವಳು ಕಾರು ಕಲಿಯಲು ಹೊರಟದ್ದು. ಗಂಡ ಪರಿಚಯದವರ ಕಾರಿನಲ್ಲಿ ಮೂರು ದಿನ ಕಲಿಸಿದರು. ನಾಲ್ಕನೇ ದಿನ ಇಬ್ಬರಿಗೂ ಮಾತಿಲ್ಲ. ಆಮೇಲೆ ಅವಳು ಉಡುಪಿಯ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಮೊದಲ ಸಲ ಪರೀಕ್ಷೆಯಲ್ಲಿ ರಿವರ್ಸ್ ತೆಗೆಯಲು ಆಗದೆ ಫೇಲಾದಳು, ಎರಡನೇ ಸಲ ಪಾಸು. ಲೈಸೆನ್ಸ್ ಕೈಗೆ ಬಂದ ದಿನ ಕಲಿಸಿದವರು ಹೇಳಿದ ಮಾತನ್ನು ಅವಳು ಮನೆಗೆ ಬಂದು ನಮಗೂ ಹೇಳಿದ್ದಳು.

"ದಿನಾ ಓಡಿಸಿ ಮೇಡಂ ಅಂದ್ರು. ಒಂದೆರಡು ತಿಂಗಳು ಬಿಟ್ರೆ ಕಾಲಿಗೆ ಕ್ಲಚ್ ಮರೆತುಹೋಗ್ತದೆ, ಆಮೇಲೆ ಧೈರ್ಯವೂ ಹೋಗ್ತದೆ ಅಂತ. ನನ್ನ ಪ್ರಾಯದ ಇಬ್ಬರು ಹಾಗೇ ಬಿಟ್ಟುಬಿಟ್ಟರಂತೆ."

ಅಳಿಯ ತಲೆಯಾಡಿಸಿದರು. ನಾನೂ ಆಡಿಸಿದೆ. ನಾವಿಬ್ಬರೂ ಸೇರಿ ಆಮೇಲೆ ಮಾಡಿದ್ದು ಬೇರೆ.

ಕಾರು ಬಿಳಿ ಬಣ್ಣದ್ದು. ಪೂಜೆಗೆ ಅಂಬಲಪಾಡಿ ದೇವಸ್ಥಾನಕ್ಕೆ ಹೋದೆವು. ಅರ್ಚಕರು ಕುಂಕುಮವನ್ನು ನೀರಿನಲ್ಲಿ ಕಲಸಿ ಬಾನೆಟ್ಟಿನ ಮೇಲೆ ಬೆರಳಿನಿಂದ ದೊಡ್ಡ ಸ್ವಸ್ತಿಕ ಬರೆದರು. ಬಿಳಿಯ ಮೇಲೆ ಕೆಂಪು, ನೋಡಲು ಚೆನ್ನಾಗಿಯೇ ಇತ್ತು. ನಾಲ್ಕು ಚಕ್ರಕ್ಕೆ ನಾಲ್ಕು ಲಿಂಬೆಹಣ್ಣು ಇಟ್ಟರು. ಮಗಳು ಹತ್ತಿ ಕೂತು, ಹಣ್ಣುಗಳನ್ನು ಚಪ್ಪಟೆ ಮಾಡಿ, ಹತ್ತು ಮಾರು ಮುಂದೆ ಹೋಗಿ ನಿಲ್ಲಿಸಿದಳು. ಅಳಿಯ ಕಾರಿನ ಪಕ್ಕದಲ್ಲೇ ಬಗ್ಗಿ ಬಗ್ಗಿ ನಡೆಯುತ್ತ ಲಿಂಬೆಯ ರಸ ಬಾಗಿಲಿಗೆ ಹಾರಿತೋ ಎಂದು ನೋಡುತ್ತಿದ್ದರು. ಆ ಹೊತ್ತಿನಲ್ಲೇ ಅರ್ಚಕರು ಹೇಳಿದರು, "ಮನೆಗೆ ಹೋದ ಮೇಲೆ ಒದ್ದೆ ಬಟ್ಟೆಯಲ್ಲಿ ಕುಂಕುಮ ಒರೆಸಿಬಿಡಿ ಅಮ್ಮ, ಬಿಸಿಲಿಗೆ ಕಲೆ ಹಿಡಿಯುತ್ತದೆ." ಹತ್ತಿರ ಇದ್ದದ್ದು ನಾನೊಬ್ಬಳೇ. ಹ್ಞೂಂ ಎಂದೆ.

"ಹೈವೇಯಲ್ಲಿ ಲಾರಿಗಳು ಜಾಸ್ತಿ, ನಾನು ತೆಗೆದುಕೊಳ್ತೇನೆ" ಎಂದು ಅಳಿಯ ಸ್ಟೀರಿಂಗ್ ಹಿಡಿದರು. ಹಿಡಿದದ್ದು ಹಿಡಿದದ್ದೇ.

ಮನೆಗೆ ಬಂದು ಇಳಿಯುವಾಗ ನಾನು ಆಸರೆಗೆ ಬಾಗಿಲಿನ ಅಂಚು ಹಿಡಿದೆ. "ಅತ್ತೆ, ಕೈ" ಎಂದರು.

"ಕೈಗೆ ಎಂತ ಆಗಿದೆ?"

"ಸುಣ್ಣ ಉಂಟು. ಎಲೆ ಅಡಿಕೆ ಹಾಕಿದ ಕೈ ಅಲ್ವಾ, ಪೇಂಟಿಗೆ ತಾಗ್ತದೆ. ಇನ್ನು ಹ್ಯಾಂಡಲ್ ಮಾತ್ರ ಮುಟ್ಟಿ ಆಯ್ತಾ."

ನಮ್ಮ ಕಡೆ ಮನೆ ಹೆಂಗಸರದ್ದು. ಈ ಮನೆ ನನ್ನ ತಾಯಿಯಿಂದ ನನಗೆ, ನನ್ನಿಂದ ಮಗಳಿಗೆ ಬಂದದ್ದು. ಅಳಿಯ ಬಂದು ಸೇರಿಕೊಂಡವರು. ನನ್ನ ಅಂಗಳದಲ್ಲಿ ನಾನು ಕೈ ಎಲ್ಲಿಡಬೇಕು ಎಂದು ಅವರು ಹೇಳಿದ್ದು ನನಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಅವರು ಕಾರಿನ ಜೊತೆಗೆ ಬಂದ ಹಳದಿ ಬಟ್ಟೆ ಒದ್ದೆ ಮಾಡಿಕೊಂಡು ಬಾನೆಟ್ಟಿನ ಕಡೆಗೆ ಹೋದರು. ತಮ್ಮಷ್ಟಕ್ಕೇ ಕುಂಕುಮ ಒರೆಸಲು ಹೊರಟಿದ್ದರು. ನಾನು ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು.

"ದೇವರ ಕುಂಕುಮ ಒರೆಸ್ತೀರಾ?" ಎಂದೆ. "ಒರೆಸಿ, ಒರೆಸಿ. ನಿಮ್ಮ ಧೈರ್ಯ ನಿಮಗೆ. ನಾವೆಲ್ಲ ಅದು ತನ್ನಷ್ಟಕ್ಕೇ ಹೋಗುವವರೆಗೆ ಕೈ ಹಾಕುವವರಲ್ಲ."

ನಮ್ಮಲ್ಲಿ ಅಂಥ ಕ್ರಮ ಏನೂ ಇಲ್ಲ. ನಮ್ಮಲ್ಲಿ ಕಾರೇ ಇರಲಿಲ್ಲ, ಕ್ರಮ ಎಲ್ಲಿಂದ ಬರಬೇಕು. ಅವರು ನಗುತ್ತಾರೆ ಎಂದುಕೊಂಡೆ. ಆದರೆ ಬಸ್ಸಿನವರು ಈ ವಿಷಯದಲ್ಲಿ ನಗುವವರಲ್ಲ. ಮೂವತ್ತಮೂರು ವರ್ಷ ದಿನಾ ಬೆಳಿಗ್ಗೆ ಗಾಜಿನ ಹತ್ತಿರ ಊದುಬತ್ತಿ ಹಚ್ಚಿ, ಕೈಮುಗಿದು ಗಿಯರ್ ಹಾಕಿದವರು. ಬಟ್ಟೆ ಹಿಡಿದ ಕೈ ಅಲ್ಲಿಯೇ ನಿಂತಿತು. ಹಿಂದೆ ತೆಗೆದುಕೊಂಡರು. ನಾನು ಒಳಗೆ ಹೋಗಿ ಗಂಜಿ ಊಟ ಮಾಡಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಅವರು, ಕಾರಿನ ಹತ್ತಿರ ತೆಂಗಿನ ಗರಿ ಎಳೆಯಬೇಡಿ ಎಂದರು. ಆಮೇಲೆ ನಾನು ಹೇಳಲಿಲ್ಲ.

ಮೊದಲ ಭಾನುವಾರ ಅವರು ಕಾರು ತೊಳೆದದ್ದನ್ನು ನಾನು ಜಗಲಿಯಲ್ಲಿ ಕೂತು ಪೂರ್ತಿ ನೋಡಿದ್ದೇನೆ. ಏಪ್ರಿಲ್ ತಿಂಗಳ ಹನ್ನೆರಡು ಗಂಟೆ ಬಿಸಿಲು. ಒಂದೇ ಬಾಲ್ದಿ. ಅಡುಗೆಮನೆಯ ಪಾತ್ರೆ ತೊಳೆಯುವ ಸೋಪು. ಬಟ್ಟೆ ಅವರದ್ದೇ ಹಳೆಯ ಲುಂಗಿ. ಮೊದಲು ಚಕ್ರ ತಿಕ್ಕಿ, ಅದೇ ಬಟ್ಟೆಯನ್ನು ಅದೇ ನೀರಿನಲ್ಲಿ ಅದ್ದಿ ಬಾಗಿಲು ತಿಕ್ಕಿದರು. ಬಾಗಿಲು ಮುಗಿಸಿ ಆ ಕಡೆ ಹೋಗುವಷ್ಟರಲ್ಲಿ ಈ ಕಡೆ ನೊರೆ ಒಣಗಿತು. ಬಾನೆಟ್ಟಿನ ಕುಂಕುಮದ ಸುತ್ತ ಮಾತ್ರ, ಮಗುವಿನ ಎಳೆ ನೆತ್ತಿ ತಪ್ಪಿಸಿ ನೀರು ಹೊಯ್ಯುವ ಹಾಗೆ, ಕೈಯಲ್ಲಿ ನೀರು ತಡೆದು ತೊಳೆದರು. ಸಂಜೆ ನೋಡಿದರೆ ಮೈತುಂಬ ಬಿಳಿ ಚುಕ್ಕೆ, ಬಾಗಿಲಿನ ಮೇಲೆ ಬೆಕ್ಕಿನ ಮೀಸೆಯಂಥ ಸಣ್ಣ ಸಣ್ಣ ಗೀರು.

"ಹೊಸ ಕಾರಿಗೆ ಸಿಡುಬು ಬಂತಾ?" ಎಂದೆ.

ಅಂದಿನಿಂದ ಫೋನಿನಲ್ಲಿ ಪಾಠ ಶುರುವಾಯಿತು. ಯಾವುದೋ ಊರಿನವನು ಕೈಗೆ ಕವಚ ಹಾಕಿಕೊಂಡು ಕಾರು ತೊಳೆಯುತ್ತಿದ್ದ. ಅವನ ಭಾಷೆ ಅಳಿಯನಿಗೂ ಅರ್ಥವಾಗುತ್ತಿರಲಿಲ್ಲ, ಆದರೆ ಕೈ ಅರ್ಥವಾಗುತ್ತಿತ್ತು. ಊಟ ಮಾಡುವಾಗಲೂ ಅದನ್ನೇ ನೋಡುವುದು. ಎಂಟು ದಿನಗಳಲ್ಲಿ ಅವರು ಕಲಿತದ್ದನ್ನು ನಾನೂ ಕಲಿತೆ, ಕಿವಿಯ ಮೇಲೆ ಬಿದ್ದರೆ ಬಿಡಲಾಗುತ್ತದೆಯೇ. ಬಿಸಿಲಿನಲ್ಲಿ ತೊಳೆಯಬಾರದು, ಮೈ ಮುಟ್ಟಿದರೆ ತಂಪಿರಬೇಕು. ಮೊದಲು ಬರೀ ನೀರು ಹೊಯ್ದು ಧೂಳು ಇಳಿಸಬೇಕು. ಬಾಲ್ದಿ ಎರಡು ಬೇಕು, ಒಂದರಲ್ಲಿ ಸೋಪು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಇಲ್ಲದಿದ್ದರೆ ಮರಳನ್ನೇ ಮತ್ತೆ ಮೈಗೆ ತಿಕ್ಕಿದ ಹಾಗೆ. ಮೇಲಿನಿಂದ ಕೆಳಗೆ ಬರಬೇಕು, ಚಕ್ರ ಕೊನೆಗೆ, ಅದರ ಬಟ್ಟೆ ಬೇರೆ. ಪಾತ್ರೆಯ ಸೋಪು ಹಾಕಲೇಬಾರದು. ಇದನ್ನೆಲ್ಲ ಅವರು ನನಗೆ ಹೊಸ ವಿಷಯ ಎಂಬಂತೆ ಹೇಳಿದರು.

"ಬೆಳ್ಳಿ ಪಾತ್ರೆ ತೊಳೆಯುವ ಬಟ್ಟೆಯಲ್ಲಿ ಮೀನಿನ ಪಾತ್ರೆ ತೊಳೆಯಬಾರದು ಅಂತ ನನಗೆ ಆರು ವರ್ಷಕ್ಕೇ ಗೊತ್ತಿತ್ತು" ಎಂದೆ. "ನಿಮಗೆ ಅರವತ್ತೊಂದಕ್ಕೆ ಗೊತ್ತಾಯಿತು. ಒಳ್ಳೆಯದಾಯಿತು."

ಬಿಳಿ ಚುಕ್ಕೆ ಬರುವುದು ಬೋರ್‌ವೆಲ್ ನೀರಿನಿಂದ ಎಂದೂ ಅವರೇ ಕಂಡುಹಿಡಿದರು. ಸಮುದ್ರ ಹತ್ತಿರ, ನಮ್ಮ ಬೋರ್‌ವೆಲ್ ನೀರಿನಲ್ಲಿ ಉಪ್ಪಿನ ಅಂಶ ಉಂಟು. ಬಾವಿಯ ನೀರು ಸಿಹಿ, ಆದರೆ ಮೇ ತಿಂಗಳಲ್ಲಿ ಅದು ತಳ ಸೇರುತ್ತದೆ. ಒಂದು ದಿನ ಸ್ನಾನಕ್ಕೆ ಹೋದರೆ ನನ್ನ ಹಂಡೆಯಲ್ಲಿ ಬೋರ್‌ವೆಲ್ ನೀರು. ಬಾವಿಯ ನೀರೆಲ್ಲ ಸೇದಿ ಎರಡು ಬಾಲ್ದಿಯಲ್ಲಿ ಕಾರಿನ ಹತ್ತಿರ ಇಟ್ಟಿದ್ದರು.

"ನನಗೆ ಚುಕ್ಕೆ ಬಂದರೆ ಅಡ್ಡಿಯಿಲ್ವಾ?" ಎಂದು ಕೇಳಿದೆ.

"ಅತ್ತೆ, ನಿಮ್ಮದು ಹಳೆ ಪೇಂಟು. ಎಂತದೂ ಆಗುವುದಿಲ್ಲ" ಎಂದರು.

ಅದಕ್ಕೆ ನಾನು ನಕ್ಕುಬಿಟ್ಟೆ. ಉತ್ತರ ಕೊಡಲು ಬರುವ ಅಳಿಯನಿದ್ದರೇ ಒಳ್ಳೆಯದು.

ಆಮೇಲೆ ಬಂತು ಮೇಣ. ಚಪ್ಪಟೆ ಡಬ್ಬಿ, ತೆರೆದರೆ ಹಣ್ಣಿನ ವಾಸನೆ. ಅದನ್ನು ಹಚ್ಚಿದರೆ ಬಣ್ಣದ ಮೇಲೆ ಒಂದು ತೆಳು ಹೊದಿಕೆಯಾಗುತ್ತದಂತೆ, ಉಪ್ಪು ಗಾಳಿ, ಹಕ್ಕಿಯ ಹಿಕ್ಕೆ, ಕೆಂಪು ಮಣ್ಣು ಯಾವುದೂ ಅಂಟುವುದಿಲ್ಲವಂತೆ. ದನ ಇಲ್ಲದೆ ಖಾಲಿ ಬಿದ್ದಿದ್ದ ಹಟ್ಟಿಯನ್ನು ಗುಡಿಸಿ ಕಾರನ್ನು ಅಲ್ಲಿ ನಿಲ್ಲಿಸಿದ್ದರು. ನಮ್ಮ ಹಸು ಇದ್ದಾಗ ಆ ಹಟ್ಟಿಗೆ ಫ್ಯಾನು ಇರಲಿಲ್ಲ, ಈಗ ಬಂತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಅಳಿಯ ಮೇಣವನ್ನು ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಚಿದ್ದಾರೆ. ಅದು ಒಣಗಿ ಗಟ್ಟಿಯಾಗಿದೆ. ಒರೆಸಿದರೆ ಹೋಗುವುದಿಲ್ಲ, ಬಟ್ಟೆ ಹಿಡಿದು ಎಳೆಯುತ್ತದೆ. ಬೆವರು ಸುರಿಯುತ್ತಿತ್ತು.

ಇದರಲ್ಲಿ ನನಗೆ ಹೇಳುವ ಅಧಿಕಾರ ಇತ್ತು. ಮದುವೆಗೆ ಮೊದಲು ನಾನು ಕಾರ್ಕಳದ ಸೋದರಮಾವನ ಮನೆಯಲ್ಲಿದ್ದು ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳು. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿದರು, ಹದಿನಾಲ್ಕಕ್ಕೆ ಅಲ್ಲಿಗೆ ಸೇರಿಸಿದರು. ಗೇರುಬೀಜದ ಸಿಪ್ಪೆಯಲ್ಲಿ ಒಂದು ಎಣ್ಣೆ ಇರುತ್ತದೆ, ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಅದಕ್ಕೆ ಬೀಜ ಒಡೆಯಲು ಕೂರುವ ಮೊದಲು ನಾವು ಕೈಗೆ ಬೇರೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆವು. ಹೊಸಬರು ಹೆದರಿ ಜಾಸ್ತಿ ಹಚ್ಚುತ್ತಿದ್ದರು. ಆಗ ಬೀಜ ಜಾರಿ ಒಡೆಯುವ ಕೋಲಿನ ಪೆಟ್ಟು ಬೆರಳಿಗೆ. ಕಡಿಮೆಯಾದರೆ ಚರ್ಮ ಹೋಯಿತು. ಎಷ್ಟು ಹಚ್ಚಬೇಕು ಎಂದರೆ, ಹಚ್ಚಿದ್ದು ಕಣ್ಣಿಗೆ ಕಾಣಬಾರದು, ಬೆರಳಿಗೆ ಮಾತ್ರ ಗೊತ್ತಾಗಬೇಕು.

"ಕೊಡಿ ಇಲ್ಲಿ" ಎಂದು ಸ್ಪಂಜು ತೆಗೆದುಕೊಂಡೆ. ಕೈ ತೊಳೆದುಕೊಂಡೇ ಹೋಗಿದ್ದೆ, ಅವರು ನೋಡಲಿ ಎಂದು ಎರಡೂ ಅಂಗೈ ತಿರುಗಿಸಿ ತೋರಿಸಿದೆ. ಡಬ್ಬಿಯ ಮೇಣಕ್ಕೆ ಸ್ಪಂಜನ್ನು ಒಂದು ಸಲ ಮುಟ್ಟಿಸಿ, ಹಿಂದಿನ ಬಾಗಿಲಿನ ಅರ್ಧಕ್ಕೆ ಎಳೆದೆ. ಮಸುಕು ಕನ್ನಡಿಯ ಹಾಗಾಯಿತು. ಸ್ವಲ್ಪ ಕಾದು ಬೇರೆ ಬಟ್ಟೆಯಲ್ಲಿ ಒರೆಸಿದೆ. ಒಂದೇ ಸಲಕ್ಕೆ ಬಂತು, ಹಟ್ಟಿಯ ಹಂಚಿನ ಸಾಲು ಅದರಲ್ಲಿ ಕಾಣಿಸಿತು. ಅಳಿಯ ಬಗ್ಗಿ ನೋಡಿದರು, ಆ ಕಡೆಯಿಂದ ನೋಡಿದರು. ಹೊಗಳಲಿಲ್ಲ. ಉಳಿದ ಬಾಗಿಲಿಗೆಲ್ಲ ನಾನು ಹಚ್ಚಿದ ಹಾಗೆಯೇ ಹಚ್ಚಿದರು.

ಬಾನೆಟ್ಟಿಗೆ ಬಂದಾಗ ಕೈ ನಿಲ್ಲಿಸಿ ಕೇಳಿದರು, "ಅತ್ತೆ, ಕುಂಕುಮದ ಮೇಲೆ ಹಚ್ಚಬಹುದಾ?"

"ಯಾಕೆ?"

"ಅಲ್ಲ, ಅದು ತನ್ನಷ್ಟಕ್ಕೇ ಹೋಗುವವರೆಗೆ ಇರಬೇಕು ಅಂದ್ರಲ್ಲ. ಮೇಲಿನಿಂದ ಒಂದು ಕೋಟ್ ಕೊಟ್ರೆ ಚೆನ್ನಾಗಿ ನಿಲ್ತದೆ."

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಆದರೆ ಆ ಮಾತು ಆಡಿ ಎರಡು ವಾರ ಕಳೆದಿತ್ತು. ಈಗ ಸುಳ್ಳು ಎಂದರೆ ನಾನು ಏನಾದೆ. "ನಿಮ್ಮ ಇಷ್ಟ" ಎಂದು ಒಳಗೆ ಬಂದೆ. ಅವರು ಸ್ವಸ್ತಿಕದ ಮೇಲೆ, ಹುಡಿ ಉದುರದ ಹಾಗೆ, ಬೆರಳ ತುದಿಯಿಂದ ಮೇಣ ಹಚ್ಚಿದರು. ಹೊಸ ಕಾರಿನ ಬಣ್ಣ ಕಾಯುವ ಮೇಣದಿಂದ ಕಲೆಯನ್ನು ಕಾಯ್ದವರು ಜಿಲ್ಲೆಯಲ್ಲಿ ಅವರೊಬ್ಬರೇ ಇರಬೇಕು.

ಇಷ್ಟೆಲ್ಲ ಆಗುವಾಗ ಮಗಳು ಬಸ್ಸಿನಲ್ಲೇ ಹೋಗುತ್ತಿದ್ದಳು. ಮೊದಮೊದಲು ದಿನಾ ಬೆಳಿಗ್ಗೆ ಕೇಳುತ್ತಿದ್ದಳು. "ಇವತ್ತು ತೆಗೆದುಕೊಂಡು ಹೋಗಲಾ?"

"ಇವತ್ತು ಬೇಡ ಮಾರಾಯ್ತಿ, ನಿನ್ನೆ ಮೇಣ ಹಚ್ಚಿದ್ದು. ಒಂದು ದಿನ ಕೂತುಕೊಳ್ಳಬೇಕು ಅದು."

ಇನ್ನೊಂದು ದಿನ, "ಹೈವೇಯಲ್ಲಿ ಡಾಂಬರು ಹಾಕ್ತಾ ಇದ್ದಾರೆ, ಅದು ಹಾರಿದರೆ ಹೋಗುವುದಿಲ್ಲ." ಮತ್ತೊಂದು ದಿನ, "ಮೋಡ ಉಂಟು. ಕೆಸರಾಗ್ತದೆ." ಮೋಡ ಇಲ್ಲದ ದಿನ, "ಬಿಸಿಲು ಜೋರುಂಟು, ಅಲ್ಲಿ ನೆರಳು ಎಲ್ಲಿ ಸಿಗ್ತದೆ?" ಆಸ್ಪತ್ರೆಯಿಂದ ಅವಳಿಗೆ ಕಾರು ನಿಲ್ಲಿಸುವ ಜಾಗಕ್ಕೆ ಸ್ಟಿಕ್ಕರ್ ಕೊಟ್ಟಿದ್ದರು. ಅದನ್ನು ಗಾಜಿಗೆ ಅಂಟಿಸಲು ಬಂದರೆ, ಗೋಂದಿನ ಗುರುತು ಬೀಳುತ್ತದೆ, ಯೋಚನೆ ಮಾಡಿ ಅಂಟಿಸೋಣ ಎಂದರು. ಅದು ಅವಳ ಬ್ಯಾಗಿನಲ್ಲೇ ಉಳಿಯಿತು. ಮೂರು ವಾರ ಆಗುವಾಗ ಅವಳು ಕೇಳುವುದನ್ನು ನಿಲ್ಲಿಸಿದಳು. ನಾನೇ ಕೇಳಿದೆ.

"ಎಂತ ಮಗಾ, ಕಾರು ಬೇಡ್ವಾ?"

"ಬಸ್ಸೇ ಆಗ್ತದೆ ಅಮ್ಮ. ನಿನ್ನೆ ರಾತ್ರಿ ಮಲಗಿ ಯೋಚಿಸಿದೆ, ಕ್ಲಚ್ ಯಾವ ಕಾಲಿಗೆ ಅಂತ ನೆನಪಾಗಲಿಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ರಿವರ್ಸ್ ಅಂದ್ರೆ ಧೈರ್ಯವೇ ಇಲ್ಲ. ಇನ್ನು ನಾಲ್ಕು ವರ್ಷ ಕೆಲಸ, ಹೇಗೂ ಕಳೆಯುತ್ತದೆ."

ಹೀಗೆ ಹೇಳಿ ಚಪ್ಪಲಿ ಹಾಕಿಕೊಂಡು ಹೋದಳು. ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿದ್ದಳು. ಅಳಿಯನ ಮೇಣದ ಹುಚ್ಚು ಅಲ್ಲಿಯವರೆಗೆ ನನಗೆ ತಮಾಷೆಯ ವಿಷಯವಾಗಿತ್ತು.

ಮೇ ಮಧ್ಯದಲ್ಲಿ ಒಂದು ಮಧ್ಯಾಹ್ನ ಒಳ್ಳೆಯ ಮಳೆ ಹೊಡೆಯಿತು. ಅಂದು ಮಗಳಿಗೆ ರಜೆ. ಮೇಣ ಎಷ್ಟು ಕೆಲಸ ಮಾಡುತ್ತದೆ ನೋಡಬೇಕೆಂದು ಅಳಿಯ ತಾವಾಗಿಯೇ ಕಾರನ್ನು ಹಟ್ಟಿಯಿಂದ ಹೊರಗೆ ತಂದು ಮಳೆಯಲ್ಲಿ ನಿಲ್ಲಿಸಿದರು. ನಮ್ಮನ್ನೂ ಕರೆದರು. ಹೌದು, ನೋಡುವ ಹಾಗೆಯೇ ಇತ್ತು. ಕೆಸುವಿನ ಎಲೆಯ ಮೇಲೆ ಬಿದ್ದ ಹಾಗೆ ನೀರು ಗುಂಡು ಗುಂಡಾಗಿ ನಿಂತು ಜಾರಿ ಹೋಗುತ್ತಿತ್ತು. ಕೊಡೆ ಹಿಡಿದುಕೊಂಡು ಕಾರಿಗೆ ಎರಡು ಸುತ್ತು ಬಂದರು. ಮೂರನೇ ಸುತ್ತಿನಲ್ಲಿ ಬಾನೆಟ್ಟಿನ ಹತ್ತಿರ ನಿಂತರು.

ಮಳೆಗೆ ಕುಂಕುಮದ ಹುಡಿ ಕೊನೆಗೂ ತನ್ನಷ್ಟಕ್ಕೇ ಹೋಗಿತ್ತು. ಅದರ ಬಣ್ಣ ಹೋಗಿರಲಿಲ್ಲ. ಬಿಳಿ ಬಾನೆಟ್ಟಿನ ನಡುವೆ, ಅರ್ಚಕರ ಬೆರಳು ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ, ಗುಲಾಬಿ ಬಣ್ಣದ ಸ್ವಸ್ತಿಕ ಅಚ್ಚೊತ್ತಿದ ಹಾಗೆ ಕೂತಿತ್ತು.

ಅವರು ಅಂಗಿಯ ತುದಿಯಿಂದ ಒರೆಸಿದರು. ಆಮೇಲೆ ಸೋಪು, ಆಮೇಲೆ ಮೇಣ, ಆಮೇಲೆ ತೆಂಗಿನೆಣ್ಣೆ. ಸಂಜೆ ಫೋನಿನಲ್ಲಿ ಯಾರೋ ಹೇಳಿದರೆಂದು ಹಲ್ಲುಜ್ಜುವ ಪೇಸ್ಟು ಹಾಕಿ ತಿಕ್ಕಿದರು. ಗುಲಾಬಿ ಹೋಗಲಿಲ್ಲ, ಸುತ್ತ ಇದ್ದ ಹೊಳಪು ಹೋಯಿತು. ಚಹಾ ಮುಟ್ಟಲಿಲ್ಲ. ಬಾನೆಟ್ಟಿಗೆ ಒಂದು ಹಳೆಯ ಬೆಡ್‌ಶೀಟು ಹೊದೆಸಿ ಹಟ್ಟಿಯೊಳಗೆ ಬಿಟ್ಟರು.

ಮಗಳು ಹೋಗಿ ಬೆಡ್‌ಶೀಟು ಎತ್ತಿ ನೋಡಿದಳು. "ಅಷ್ಟೇನೂ ಕಾಣುವುದಿಲ್ಲ. ಓಡಿಸುವಾಗ ಯಾರಿಗೆ ಗೊತ್ತಾಗ್ತದೆ?"

"ಇದು ಸರಿಯಾಗುವವರೆಗೆ ಈ ಕಾರು ಗೇಟು ದಾಟುವುದಿಲ್ಲ" ಎಂದರು ಅಳಿಯ.

ಅವಳು ಬೆಡ್‌ಶೀಟಿನ ಮೂಲೆಯನ್ನು ಮೊದಲಿದ್ದ ಹಾಗೆಯೇ ಎಳೆದು ಸರಿಮಾಡಿ ಒಳಗೆ ಬಂದಳು. ಅದು ನನಗೆ ಚುಚ್ಚಿತು. ಅವಳು ಜಗಳ ಮಾಡಿದ್ದರೆ ಚುಚ್ಚುತ್ತಿರಲಿಲ್ಲ.

ನಾಲ್ಕು ದಿನದ ನಂತರ, ಮಣಿಪಾಲದಲ್ಲಿ ಕಾರಿಗೆ ಪಾಲಿಶ್ ಮಾಡುವ ಒಬ್ಬರಿದ್ದಾರೆ ಎಂದು ಗೊತ್ತಾಗಿ ಅಳಿಯ ಹೊರಟರು. ನಾನೂ ಬರುತ್ತೇನೆ ಎಂದೆ. ಹಿಂದಿನ ಸೀಟಿನಲ್ಲಿ ಹತ್ತಿ ಕೂತೆ. ಹೈವೇಯಲ್ಲಿ ನಲವತ್ತರ ಮೇಲೆ ಹೋಗಲಿಲ್ಲ, ಕಲ್ಲು ಹಾರುತ್ತದಂತೆ. ಕಟಪಾಡಿಯಲ್ಲಿ ಒಂದು ಸ್ಕೂಟರು ನಮ್ಮನ್ನು ಹಿಂದೆ ಹಾಕಿತು. ಅದರ ಹಿಂದಿನ ಸೀಟಿನಲ್ಲಿ ಒಬ್ಬರು ಭಟ್ಟರು ಮಡಿಲಲ್ಲಿ ಕುಂಬಳಕಾಯಿ ಇಟ್ಟುಕೊಂಡು ಕೂತಿದ್ದರು.

ಪಾಲಿಶ್ ಅಂಗಡಿಯವರು ಐವತ್ತು ದಾಟಿದ ಬ್ಯಾರಿ ಮುಸ್ಲಿಮರು, ಗಡ್ಡ ನೆರೆತಿತ್ತು. ಗಲ್ಫಿನಲ್ಲಿ ಹದಿನೈದು ವರ್ಷ ಇದೇ ಕೆಲಸ ಮಾಡಿ ಬಂದವರಂತೆ. ಅಳಿಯನನ್ನು ನೋಡಿದ ಕೂಡಲೇ ಗುರುತು ಹಿಡಿದರು.

"ನೀವು ಕಾರ್ಕಳ ಬಸ್ಸಿನವರಲ್ವಾ? ನಿಮ್ಮ ಬಸ್ಸಿಗೆ ಕೈ ತೋರಿಸಿ ನಾನು ಎಷ್ಟು ಸಲ ಧೂಳು ತಿಂದಿದ್ದೇನೆ ಗೊತ್ತುಂಟಾ. ಈಗ ದೂರದಿಂದ ಇಷ್ಟು ನಿಧಾನ ಬರುವುದು ನೋಡಿ ಯಾರೋ ಲೇಡೀಸ್ ಅಂದುಕೊಂಡೆ."

"ಲೇಡೀಸಿಗೆ ಕಾರು ಸಿಕ್ಕಿದ್ದರೆ ಅಲ್ವಾ" ಎಂದೆ ನಾನು, ಹಿಂದಿನ ಸೀಟಿನಿಂದ.

ಅವರು ಬಾನೆಟ್ಟಿಗೆ ಬಿಗಿದಿದ್ದ ಬೆಡ್‌ಶೀಟು ತೆಗೆದು ನೋಡಿದರು. ಉಗುರಿನಿಂದ ಮುಟ್ಟಿದರು. "ಪೂಜೆ ಆದ ಕಾರು ನಮ್ಮಲ್ಲಿಗೆ ಬರ್ತಾ ಇರ್ತದೆ ಅಣ್ಣ. ಒಂದೆರಡು ದಿನ ಆದರೆ ತೊಂದರೆ ಇಲ್ಲ. ಇದು ಎಷ್ಟು ದಿನ ಆಯಿತು?"

"ಒಂದು ತಿಂಗಳು."

"ಮೇಲಿನಿಂದ ಮೇಣ ಬೇರೆ ಹಚ್ಚಿದ ಹಾಗೆ ಉಂಟಲ್ಲ?"

ಅಳಿಯ ಬೆಡ್‌ಶೀಟು ಮಡಚತೊಡಗಿದರು.

"ಒರೆಸಲಿಲ್ಲ ಯಾಕೆ?"

"ಒರೆಸಬಾರದು ಅಂತ ಮನೆಯಲ್ಲಿ ಹಿರಿಯರು ಹೇಳಿದ್ದರು" ಎಂದರು ಅಳಿಯ. ನನ್ನ ಹೆಸರು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅಂಗಡಿಯವರು ನನ್ನನ್ನು ನೋಡಿದರು. ಆ ಅಂಗಡಿಯಲ್ಲಿ ಬೇರೆ ಹಿರಿಯರು ಯಾರೂ ಇರಲಿಲ್ಲ. ನಾನು ಗೋಡೆಯ ಮೇಲಿದ್ದ ಟಯರುಗಳನ್ನು ಎಣಿಸಿದೆ.

ಒಂದು ಗಂಟೆ ಕೆಲಸ ಮಾಡಿದರು. ಮೊದಲು ಜೇಡಿಮಣ್ಣಿನ ಉಂಡೆಯಂಥದ್ದನ್ನು ಒದ್ದೆ ಮಾಡಿ ಉಜ್ಜಿದರು, ಆಮೇಲೆ ಯಂತ್ರಕ್ಕೆ ಸ್ಪಂಜು ಹಾಕಿ ತಿರುಗಿಸಿದರು. ಪೇಸ್ಟು ಹಾಕಿ ತಿಕ್ಕಿದ ಮಸುಕು ಪೂರ್ತಿ ಹೋಯಿತು. ಗುಲಾಬಿಯೂ ಮುಕ್ಕಾಲು ಪಾಲು ಹೋಯಿತು. ಆಮೇಲೆ ಯಂತ್ರ ನಿಲ್ಲಿಸಿ, ಓರೆಯಾಗಿ ಬೆಳಕು ಹಿಡಿದು ತೋರಿಸಿದರು. ಗೊತ್ತಿದ್ದವರು ಹುಡುಕಿದರೆ ಕಾಣುವಷ್ಟು ನೆರಳು ಉಳಿದಿತ್ತು.

"ಇನ್ನೂ ಸ್ವಲ್ಪ ತಿಕ್ಕಬಹುದಾ?" ಎಂದು ಅಳಿಯ ಕೇಳಿದರು.

"ಬೇಡ ಅಣ್ಣ. ಬಣ್ಣದ ಮೇಲೆ ಗಾಜಿನ ಹಾಗೆ ಒಂದು ಪದರ ಉಂಟು, ಅದು ಉಗುರಿನಷ್ಟೂ ದಪ್ಪ ಇಲ್ಲ. ಇನ್ನು ತಿಕ್ಕಿದರೆ ಕಲೆಯ ಜೊತೆ ಅದೂ ಹೋಗ್ತದೆ. ಕಾರು ಓಡಿಸಿ. ಓಡುವ ಕಾರಿಗೆ ವಾರಕ್ಕೊಂದು ಸಲ ತೊಳೆಯುವುದು, ಮೂರು ತಿಂಗಳಿಗೊಂದು ಸಲ ಮೇಣ, ಇಷ್ಟು ಸಾಕು."

ಅಳಿಯ ಮತ್ತೆ ಬೆಡ್‌ಶೀಟು ಕೈಗೆತ್ತಿಕೊಂಡರು. ಕಾರಿನಲ್ಲಿ ಕೂತ ಮೇಲೂ ಕೀ ತಿರುಗಿಸಲಿಲ್ಲ. ಇನ್ನು ಇದನ್ನು ಮನೆಗೆ ಒಯ್ದು ಹಟ್ಟಿಗೆ ಕಟ್ಟುತ್ತಾರೆ ಎಂದು ನನಗೆ ಗೊತ್ತಾಯಿತು. ಗಂಟೆ ನಾಲ್ಕಾಗಿತ್ತು. ಮಗಳ ಕೆಲಸ ನಾಲ್ಕೂವರೆಗೆ ಮುಗಿಯುತ್ತದೆ, ಅವಳ ಆಸ್ಪತ್ರೆ ಅಲ್ಲಿಂದ ಎರಡು ತಿರುವು.

"ಅರ್ಚಕರು ಆ ದಿನವೇ ಒರೆಸಲು ಹೇಳಿದ್ದರು" ಎಂದೆ. "ನೀವು ಲಿಂಬೆಹಣ್ಣು ನೋಡ್ತಾ ಇದ್ದಿರಿ. ನಾನು ಕೇಳಿಸಿಕೊಂಡಿದ್ದೆ."

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಮತ್ತೆ ನಿಮ್ಮಲ್ಲಿ ಕ್ರಮ ಅಂದ್ರಿ?"

"ಕ್ರಮ ಇಲ್ಲ. ಕೈಯಲ್ಲಿ ಸುಣ್ಣ ಉಂಟು ಅಂದ್ರಲ್ಲ, ಅದಕ್ಕೆ ಹೇಳಿದ್ದು."

ಕಲೆ ಆದದ್ದು ಅವರ ಅಜಾಗ್ರತೆಯಿಂದಲ್ಲ, ದೇವರಿಂದಲೂ ಅಲ್ಲ, ನನ್ನ ಬಾಯಿಯಿಂದ ಎಂದು ಅವರಿಗೆ ಒಳಗೆ ಇಳಿಯಲು ಸಮಯ ಬೇಕಿತ್ತು.

"ನನ್ನ ಮೇಲೆ ಸಿಟ್ಟು ಮಾಡಿ, ಒಂದು ವಾರ ಮಾತು ಬಿಡಿ, ಅಡ್ಡಿಯಿಲ್ಲ" ಎಂದೆ. "ಆದರೆ ಅವಳಿಗೆ ಕ್ಲಚ್ ಯಾವ ಕಾಲಿಗೆ ಅಂತ ಮರೆತುಹೋಗ್ತಾ ಉಂಟು. ನಿನ್ನೆಯಿಂದ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾಳೆ. ನೀವು ಕಾರು ನೋಡ್ತೀರಿ, ಅದನ್ನು ನೋಡಲಿಲ್ಲ. ನಾನು ನೋಡಿಯೂ ತಮಾಷೆ ಮಾಡಿಕೊಂಡು ಕೂತೆ."

ಅಳಿಯ ಕೀ ತಿರುಗಿಸಿದರು. ಆಸ್ಪತ್ರೆಯ ಗೇಟಿನ ಎದುರು ನಿಲ್ಲಿಸಿ, ಇಳಿದು, ಆ ಕಡೆ ಹೋಗಿ ಎಡಗಡೆಯ ಸೀಟಿನಲ್ಲಿ ಕೂತರು. ಮಗಳು ಬಂದವಳು ಖಾಲಿ ಸ್ಟೀರಿಂಗ್ ನೋಡಿದಳು, ಗಂಡನನ್ನು ನೋಡಿದಳು.

"ನನಗೆ ಆಗುವುದಿಲ್ಲ. ನೀವೇ ಓಡಿಸಿ."

"ನನ್ನ ಕಾಲು ಹಿಡಿದುಕೊಂಡಿದೆ" ಎಂದರು ಅಳಿಯ. ಹದಿನೆಂಟು ವರ್ಷದವರ ಹಾಗೆ ಹಾರಿ ಇಳಿದು ಹತ್ತಿದ್ದನ್ನು ನಾನು ಈಗಷ್ಟೇ ನೋಡಿದ್ದೆ. ಆದರೆ ಸುಳ್ಳಿಗೆ ನಾನು ತೀರ್ಪು ಕೊಡುವ ದಿನ ಅದಲ್ಲ.

ಹೊರಡುವಾಗ ಕಾರು ಎರಡು ಸಲ ಹಾರಿ ನಿಂತುಹೋಯಿತು. ಹಿಂದಿನಿಂದ ಸಿಟಿ ಬಸ್ಸಿನವನು ಹಾರ್ನ್ ಹೊಡೆದ. ಅಳಿಯ ತಲೆ ಹೊರಗೆ ಹಾಕಿ, "ಸ್ವಲ್ಪ ತಡಿ ಮಾರಾಯ" ಎಂದರು. ಇದೇ ರಸ್ತೆಯಲ್ಲಿ ಮೂವತ್ತಮೂರು ವರ್ಷ ಹಾರ್ನ್ ಹೊಡೆದವರು. ಇಳಿಜಾರಿನಲ್ಲಿ ಮಗಳ ಕೈಯ ನರ ಎದ್ದು ಕಾಣುತ್ತಿತ್ತು. ಅಳಿಯನ ಎದುರು ಬ್ರೇಕು ಇರಲಿಲ್ಲ, ಆದರೂ ಅವರ ಬಲಗಾಲು ಮ್ಯಾಟನ್ನು ಒತ್ತಿ ಒತ್ತಿ ಸವೆಸುತ್ತಿತ್ತು. ಬಾಯಿ ಮಾತ್ರ ಬಿಡಲಿಲ್ಲ. ಉದ್ಯಾವರದ ಸೇತುವೆ ದಾಟುವಾಗ ಅವಳು ತಾನಾಗಿಯೇ ಟಾಪ್ ಗಿಯರಿಗೆ ಬದಲಿಸಿದಳು. ಒಂದು ಲಾರಿಯನ್ನು ಹಿಂದೆಯೂ ಹಾಕಿದಳು. ಸಣ್ಣ ಕಲ್ಲು ಹಾರಿ ಎಲ್ಲೋ ಟಕ್ ಎಂದಿತು. ಅಳಿಯ ಕಣ್ಣು ಮುಚ್ಚಿ ತೆರೆದರು.

ಮನೆಯ ಗೇಟು ಸಣ್ಣದು, ಎರಡೂ ಕಡೆ ಕೆಂಪು ಕಲ್ಲಿನ ಕಂಬ. ಅಂಗಳದಿಂದ ಹಟ್ಟಿಗೆ ರಿವರ್ಸಿನಲ್ಲೇ ಹೋಗಬೇಕು. ಮಗಳು ಅಂಗಳದಲ್ಲಿ ಕಾರು ನಿಲ್ಲಿಸಿಬಿಟ್ಟಳು. "ಇಷ್ಟು ಸಾಕು. ಇದನ್ನು ನೀವು ಮಾಡಿ" ಎಂದಳು. ಅವಳ ಹಣೆ ಒದ್ದೆಯಾಗಿತ್ತು.

ಅಳಿಯ ಇಳಿದರು. ಆದರೆ ಸ್ಟೀರಿಂಗಿನ ಕಡೆ ಹೋಗಲಿಲ್ಲ, ಕಾರಿನ ಹಿಂದೆ ಹೋಗಿ ನಿಂತರು. "ಬರಲಿ" ಎಂದರು. "ಬರಲಿ, ಬರಲಿ, ಬರಲಿ, ಎಡಕ್ಕೆ ಕಟ್ ಮಾಡು, ಬರಲಿ." ಹೀಗೆ ಹೇಳುತ್ತ, ತಮಗೆ ಗೊತ್ತಿಲ್ಲದ ಹಾಗೆಯೇ, ಬಸ್ಸಿನ ಕ್ಲೀನರುಗಳು ಬಡಿಯುವ ಹಾಗೆ ಅಂಗೈಯಿಂದ ಕಾರಿನ ಬೆನ್ನಿಗೆ ಬಡಿಯತೊಡಗಿದರು. ದಪ್, ದಪ್, ದಪ್. ಬೆವರಿದ ಕೈ, ತೊಳೆಯದ ಕೈ. ಮೇಣದ ಮೇಲೆ ಐದು ಬೆರಳೂ ಮೂಡುತ್ತಿದ್ದವು. "ಹೋಲ್ಡ್" ಎಂದು ಕೊನೆಗೆ ಒಂದು ಜೋರು ಪೆಟ್ಟು ಕೊಟ್ಟರು. ಕಾರು ಹಟ್ಟಿಯೊಳಗೆ ಸರಿಯಾಗಿ ನಿಂತಿತ್ತು.

ಕೈ ತೊಳೆದಿದ್ದೀರಾ ಎಂಬ ಮಾತು ನಾಲಗೆಯ ತುದಿಗೆ ಬಂತು, ನುಂಗಿಕೊಂಡೆ. ನನಗೆ ಅದು ಕಷ್ಟವಾಯಿತು.

ಮರುದಿನ ಬೆಳಿಗ್ಗೆ ಅವಳು ಕಾರು ತೆಗೆದುಕೊಂಡು ಒಬ್ಬಳೇ ಹೋದಳು. ಅಳಿಯ ಸಂಜೆಯವರೆಗೆ ಏಳೆಂಟು ಸಲ ಗೇಟಿಗೆ ಹೋಗಿ ಬಂದರು. ಐದೂವರೆಗೆ ಕಾರು ಬಂತು. ಚಕ್ರದ ಸುತ್ತ ಕೆಂಪು ಕೆಸರು, ಬಾಗಿಲಿನವರೆಗೆ ಚಿಮ್ಮಿದ ರಾಡಿ, ಟಾಪಿನ ಮೇಲೆ ಯಾವುದೋ ಕಾಗೆ ಮಾಡಿದ ಕೆಲಸ. ಸ್ಟಿಕ್ಕರನ್ನು ಅವಳು ಗಾಜಿಗೆ ಸೊಟ್ಟಗೆ ಅಂಟಿಸಿದ್ದಳು. ಅಳಿಯ ಬೆನ್ನ ಹಿಂದೆ ಕೈಕಟ್ಟಿಕೊಂಡು ಕಾರಿಗೆ ಒಂದು ಸುತ್ತು ಬಂದು, ಬಾವಿಯ ಕಡೆಗೆ ಹೋಗಿ ಎರಡು ಬಾಲ್ದಿ ತುಂಬಿಸಿದರು.

ಮಗಳು ಒಳಗಿನಿಂದ ಕೂಗಿದಳು, "ಬೇಗ ಮುಗಿಸಿ ಆಯ್ತಾ, ಬೆಳಿಗ್ಗೆ ಏಳಕ್ಕೆ ನನಗೆ ಬೇಕು."